ಐರ್ಲೆಂಡಿನ ಮಧ್ಯಯುಗದ ವಂಶಾವಳಿಗಳೂ ಬೀಜಪರೀಕ್ಷೆಯೂ

ಐರ್ಲೆಂಡು ದೇಶದ ಪ್ರಾಚೀನ ರಾಜಕುಲಗಳ ವಿಷಯವಾಗಿ ಅಲ್ಲಿನ ಹಸ್ತಲಿಖಿತ ಗ್ರಂಥಗಳು ಹೇಳುವ ಮಾತುಗಳನ್ನು, ಈಗ ಬದುಕಿರುವ ಜನರ ದೇಹಧಾತುವಿನ ಪರೀಕ್ಷೆಯಿಂದ ಒರೆಗೆ ಹಚ್ಚುವ ಕಾರ್ಯವು ಸುಮಾರು ಇಪ್ಪತ್ತೈದು ವರ್ಷಗಳಿಂದ ನಡೆದುಬರುತ್ತಿದೆ. ಗಂಡಸಿನ ಕೆನ್ನೆಯ ಒಳಮೈಯನ್ನು ಸವರಿ ತೆಗೆದ ಜೀವಕೋಶಗಳಲ್ಲಿ ‘ವೈ’ ಎಂಬ ಹೆಸರಿನ ವರ್ಣತಂತುವನ್ನು ಓದಿ, ಅದರಿಂದ ಆತನ ತಂದೆ, ತಂದೆಯ ತಂದೆ, ಅವನ ತಂದೆ ಎಂಬ ಪುರುಷಪರಂಪರೆಯನ್ನು ಅನುಮಾನಿಸುವುದೇ ಈ ಪರೀಕ್ಷೆಯ ಸ್ವರೂಪ. ಇದರ ಬಲದಿಂದ ಕ್ರಿ. ಶ. ಐದನೆಯ ಶತಮಾನದವನೆಂದು ಹೇಳಲಾಗುವ ಒಬ್ಬ ಅರ್ಧಪೌರಾಣಿಕ ಅರಸನ ಸಂತಾನವು ಇಂದಿಗೂ ಲಕ್ಷೋಪಲಕ್ಷವಾಗಿ ಉಳಿದಿದೆಯೆಂಬ ವಾರ್ತೆಯು ೨೦೦೬ರಲ್ಲಿ ಲೋಕಪ್ರಸಿದ್ಧವಾಯಿತು. ಆಮೇಲಿನ ವರ್ಷಗಳಲ್ಲಿ ಆ ನಿರ್ಣಯವು ಸಡಿಲಗೊಂಡಿತು. ಆ ನಿರ್ಣಯದಲ್ಲಿ ಗಟ್ಟಿಯಾದ ಭಾಗ ಯಾವುದು, ಜೊಳ್ಳಾದ ಭಾಗ ಯಾವುದು, ಬೀಜವನ್ನು ಸಾಕ್ಷಿಗೆ ಕರೆದಾಗ ಅದು ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲುದು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಹಳೆಯ ಬರಹಗಳ ಪ್ರಾಮಾಣ್ಯವನ್ನು ಕುರಿತು ದಿನವೂ ಚರ್ಚಿಸುವ ನಮ್ಮ ವಾಚಕರಿಗೆ ಇದು ದೂರದೇಶದ ವಿಷಯವಾದರೂ ಅನ್ಯವೆಂದು ತೋರಲಾರದು.

ಮೊದಲು ಶಬ್ದವಿಚಾರ. ಇಂಗ್ಲಿಷಿನಲ್ಲಿ ‘ಕ್ಲ್ಯಾನ್’ ಎಂದು ರೂಢವಾಗಿರುವ ಪದವು ಮಕ್ಕಳು, ಸಂತತಿ ಎಂಬರ್ಥದ ಗೇಲಿಕ್ ಭಾಷೆಯ ‘ಕ್ಲನ್’ ಎಂಬುದರಿಂದ ಬಂದಿದೆ. ಅದು ಕೂಡ ಆ ಭಾಷೆಯ ಸ್ವಂತ ಪದವಲ್ಲ. ಸಸಿ, ಚಿಗುರು ಎಂಬರ್ಥದ ಲ್ಯಾಟಿನ್ ಭಾಷೆಯ ‘ಪ್ಲಾಂಟ’ ಎಂಬುದನ್ನು ಬಹುಪೂರ್ವದಲ್ಲಿ ಎರವಲು ಪಡೆದ ಐರಿಷರು, ತಮ್ಮ ನಾಲಿಗೆಗೆ ಆಗ ಪಕಾರವು ಒಗ್ಗದಿದ್ದುದರಿಂದ ಅದಕ್ಕೆ ಕಕಾರವನ್ನು ಆದೇಶವಾಗಿ ಮಾಡಿಕೊಂಡರು. ಬಿದಿರಿನ ಹೆಸರಾದ ‘ವಂಶ’ ಶಬ್ದದಿಂದಲೇ ಕುಲವನ್ನೂ ಹೇಳುವ ನಮಗೆ ಈ ರೂಪಕವು ಹೊಸದಲ್ಲ. ಗಿಣ್ಣಿನಿಂದ ಗಿಣ್ಣಿಗೆ ನೆಟ್ಟಗೆ ಏರುವ ಗಳುವೆಂದು ಕುಲವನ್ನು ಕಲ್ಪಿಸಿಕೊಳ್ಳುವುದು ಎರಡು ದೇಶದವರಿಗೂ ಹಿತವಾಗಿತ್ತು. ಬಿದಿರುಮೆಳೆಯೊಳಗೆ ಕೈಹಾಕಿದವರಿಗೆ ಮಾತ್ರ ಯಾವ ಗಳು ಯಾವ ಬುಡದಿಂದ ಎದ್ದಿತೆಂದು ಹೇಳುವುದು ಎಷ್ಟು ಕಷ್ಟವೆಂಬುದು ಗೊತ್ತಿದೆ.

ಯುರೋಪಿನ ಮಧ್ಯಯುಗದಲ್ಲಿ ವಂಶಾವಳಿಗಳನ್ನು ಐರಿಷರಷ್ಟು ವಿಪುಲವಾಗಿ ಬರೆದಿಟ್ಟ ಜನರು ವಿರಳ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ‘ರಾಲಿನ್‌ಸನ್ ಬಿ ೫೦೨’ ಎಂಬ ಸಂಖ್ಯೆಯಿಂದ ಪ್ರಸಿದ್ಧವಾದ, ಸುಮಾರು ೧೧೩೦ರಲ್ಲಿ ಬರೆದ ಪ್ರತಿಯಲ್ಲಿಯೂ, ಅದೇ ಶತಮಾನದ ಲೆನ್‌ಸ್ಟರ್ ಗ್ರಂಥದಲ್ಲಿಯೂ, ಹದಿನಾಲ್ಕನೆಯ ಶತಮಾನದ ಕೊನೆಯ ಬ್ಯಾಲಿಮೋಟ್ ಗ್ರಂಥದಲ್ಲಿಯೂ, ೧೩೯೭ರಿಂದ ೧೪೧೮ರ ವರೆಗೆ ಸಿದ್ಧವಾದ ಲೆಕನ್ ಗ್ರಂಥದಲ್ಲಿಯೂ ಸಾವಿರಾರು ಹೆಸರುಗಳು ತಂದೆ-ಮಗ ಎಂಬ ಕ್ರಮದಲ್ಲಿ ಪೋಣಿಸಲ್ಪಟ್ಟಿವೆ. ಈ ವಿದ್ಯೆಯು ಕೆಲವು ಮನೆತನಗಳ ವೃತ್ತಿಯಾಗಿತ್ತು. ಲೆಕನ್ ಗ್ರಂಥವನ್ನು ಬರೆಯಿಸಿದ ಮಾಕ್ ಇರ್ವಿಶಿ ಮನೆತನದವನೇ ಆದ ದುವಾಲ್ತಾಖ್ ಎಂಬಾತನು, ಕ್ರಾಮ್‌ವೆಲ್ಲನ ದಂಡು ದೇಶವನ್ನು ತುಳಿಯುತ್ತಿದ್ದ ೧೬೪೯-೧೬೫೦ರ ಕಾಲದಲ್ಲಿ ಗಾಲ್ವೇ ಪಟ್ಟಣದಲ್ಲಿ ಕುಳಿತು, ತನಗೆ ದೊರೆತ ಹಳೆಯ ಪ್ರತಿಗಳನ್ನೆಲ್ಲ ಒಟ್ಟುಗೂಡಿಸಿ ‘ವಂಶಾವಳಿಗಳ ಮಹಾಗ್ರಂಥ’ವನ್ನು ರಚಿಸಿದನು. ಆಶ್ರಯದಾತರಾದ ಪ್ರಭುಗಳ ಕುಲವು ಅಳಿಯುತ್ತಿದ್ದಾಗ ಅವರ ಹೆಸರಾದರೂ ಉಳಿಯಲೆಂದು ಆತನು ಪಟ್ಟ ಶ್ರಮವು ವಿದ್ಯಾವಂತರಾದವರ ಗೌರವಕ್ಕೆ ಪಾತ್ರವಾದುದು.

ಆದರೆ ಇವು ಸತ್ಯವೆ? ಎಲ್ಲ ಕುಲಗಳೂ ಕೊನೆಗೆ ಮೀಲ್ ಎಂಬ ಸ್ಪೇನಿನ ವೀರನಿಗೂ, ಅವನಿಂದ ಬೈಬಲಿನ ನೋವನಿಗೂ, ಆದಾಮನಿಗೂ ಹೋಗಿ ಸೇರುವುವು. ಅಷ್ಟು ದೂರದ ಭಾಗವನ್ನು ಮಠಗಳ ಪಂಡಿತರು ಕಟ್ಟಿದ್ದೆಂಬುದರಲ್ಲಿ ವಿವಾದವಿಲ್ಲ. ನಡುವಿನ ಭಾಗವೇ ತೊಡಕಿನದು. ಹೊಸದಾಗಿ ಬಲಗೊಂಡ ಕುಲವು ಹಳೆಯ ಪ್ರತಿಷ್ಠಿತ ಕುಲದ ಮೂಲಪುರುಷನಿಗೆ ಮರೆತುಹೋಗಿದ್ದ ತಮ್ಮನೊಬ್ಬನನ್ನು ಹುಟ್ಟಿಸಿ, ತಾನು ಅವನ ಸಂತಾನವೆಂದು ಹೇಳಿಕೊಳ್ಳುವುದು ಅಲ್ಲಿ ಸಾಮಾನ್ಯವಾಗಿತ್ತು. ಕದಂಬರೂ ಬಾದಾಮಿಯ ಚಾಲುಕ್ಯರೂ ಇಬ್ಬರೂ ಮಾನವ್ಯಗೋತ್ರವನ್ನೂ ಹಾರಿತೀಪುತ್ರತ್ವವನ್ನೂ ಹೇಳಿಕೊಂಡಿರುವ ಶಾಸನಗಳನ್ನು ಓದಿದವರಿಗೆ ಇದನ್ನು ವಿಸ್ತರಿಸಬೇಕಾಗಿಲ್ಲ. ಐರ್ಲೆಂಡಿನಲ್ಲಿ ವಂಶಾವಳಿಯೆಂಬುದು ಕಪ್ಪಕಾಣಿಕೆಗಳ, ಭೂಮಿಯ, ಪಟ್ಟದ ಹಕ್ಕುಪತ್ರವಾಗಿತ್ತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ಮುಖ್ಯವಾಗುವುದು.

ಇನ್ನು ಬೀಜಪರೀಕ್ಷೆಯ ವಿಚಾರ. ವೈ ವರ್ಣತಂತುವು ತಂದೆಯಿಂದ ಮಗನಿಗೆ ಮಾತ್ರ ಬರುವುದು. ಅದರ ಬಹುಭಾಗವು ತಾಯಿಯ ಕಡೆಯ ಯಾವುದರೊಡನೆಯೂ ಬೆರೆಯದೆ ಹಾಗೆಯೇ ಇಳಿದುಬರುವುದು. ಅದರಲ್ಲಿ ಸುಮಾರು ಆರು ಕೋಟಿ ಅಕ್ಷರಗಳಿವೆಯೆಂದು ಲೆಕ್ಕ. ತಲೆಮಾರಿನಿಂದ ತಲೆಮಾರಿಗೆ ಪ್ರತಿಯಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರವು ತಪ್ಪುವುದುಂಟು. ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಇದಕ್ಕಿಂತ ಸುಲಭವಾದ ವಿಷಯವಿಲ್ಲ. ಓಲೆಯನ್ನು ಪ್ರತಿಮಾಡಿದ ಲಿಪಿಕಾರನು ಒಂದೆಡೆ ತಪ್ಪಿದರೆ, ಅವನ ಪ್ರತಿಯನ್ನು ನೋಡಿ ಬರೆದವರೆಲ್ಲರೂ ಆ ತಪ್ಪನ್ನೇ ಬರೆಯುವರು. ಎರಡು ಪ್ರತಿಗಳಲ್ಲಿ ಒಂದೇ ವಿಚಿತ್ರವಾದ ಸ್ಖಾಲಿತ್ಯವು ಕಂಡರೆ ಅವೆರಡಕ್ಕೂ ಒಂದೇ ಮಾತೃಕೆಯೆಂದು ನಾವು ನಿರ್ಣಯಿಸುವೆವು. ಸರಿಯಾದ ಪಾಠವು ಸಮಾನವಾಗಿರುವುದರಿಂದ ಏನೂ ಸಿದ್ಧವಾಗದು. ತಪ್ಪು ಸಮಾನವಾಗಿರುವುದರಿಂದಲೇ ಸಂಬಂಧವು ಸಿದ್ಧವಾಗುವುದು. ಬೀಜಪರೀಕ್ಷಕರೂ ಹೀಗೆಯೇ ವರ್ಣತಂತುಗಳ ಶಾಖಾವೃಕ್ಷವನ್ನು ಬರೆಯುವರು. ಅವರು ಎರಡು ಬಗೆಯ ವ್ಯತ್ಯಾಸಗಳನ್ನು ಗಮನಿಸುವರು. ಒಂದು, ಒಂದೇ ಅಕ್ಷರವು ಬೇರೊಂದಾಗುವುದು. ಇದು ಅಪರೂಪ, ಒಮ್ಮೆ ಆದರೆ ಬಹುಮಟ್ಟಿಗೆ ಸ್ಥಿರ. ಮತ್ತೊಂದು, ಕೆಲವು ಅಕ್ಷರಗಳ ಗುಂಪು ಮತ್ತೆ ಮತ್ತೆ ಆವೃತ್ತವಾಗುವ ಸ್ಥಳಗಳಲ್ಲಿ ಆವೃತ್ತಿಯ ಸಂಖ್ಯೆಯು ಹೆಚ್ಚುಕಡಿಮೆಯಾಗುವುದು. ಇದು ಬೇಗ ಬೇಗ ಆಗುವುದು, ಹಿಂದಕ್ಕೂ ಸರಿಯಬಹುದು. ಎರಡನೆಯದನ್ನೇ ನಂಬಿ ಕಾಲನಿರ್ಣಯ ಮಾಡಿದರೆ ಶತಮಾನಗಳ ಮಟ್ಟಿನ ಪ್ರಮಾದವು ಸಂಭವಿಸುವುದು.

ಐರಿಷ್ ಕುಲನಾಮಗಳನ್ನು ಆಧಾರವಾಗಿಟ್ಟುಕೊಂಡು ಈ ಪರೀಕ್ಷೆಯನ್ನು ಮಾಡಿದ ಆದಿಯ ಲೇಖನಗಳಲ್ಲೊಂದು ೨೦೦೦ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದಿತು. ಪಶ್ಚಿಮದ ಕೊನಾಟ್ ಪ್ರಾಂತದಲ್ಲಿ ಗೇಲಿಕ್ ಕುಲನಾಮವುಳ್ಳವರ ಪೈಕಿ ನೂರಕ್ಕೆ ೯೮ ಮಂದಿಯ ವರ್ಣತಂತುವು ಒಂದೇ ಮಹಾಶಾಖೆಗೆ ಸೇರಿದುದೆಂದು ಅದರಿಂದ ತಿಳಿದುಬಂದಿತು. ಆ ಶಾಖೆಯು ವ್ಯವಸಾಯವು ಬರುವುದಕ್ಕೂ ಮುಂಚಿನ ಆದಿನಿವಾಸಿಗಳ ಶೇಷವಿರಬೇಕೆಂದು ಆಗ ವಿವರಿಸಿದರು. ೨೦೧೫ರ ಕೊನೆಯಲ್ಲಿ ರಾಥ್ಲಿನ್ ದ್ವೀಪದಲ್ಲಿ ದೊರೆತ, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಮೂವರು ಪುರುಷರ ಅಸ್ಥಿಗಳ ಪರೀಕ್ಷೆಯು ಪ್ರಕಟವಾದಾಗ, ಆ ಶಾಖೆಯು ಕಂಚಿನ ಯುಗದಲ್ಲಿ ಹೊರಗಿನಿಂದ ಬಂದ ಜನರದೆಂಬುದು ಸ್ಪಷ್ಟವಾಗತೊಡಗಿತು. ಅಂಕಿಗಳು ಬದಲಾಗಲಿಲ್ಲ, ವ್ಯಾಖ್ಯಾನವು ತಲೆಕೆಳಗಾಯಿತು. ವಿಜ್ಞಾನದ ಗ್ರಂಥಕ್ಕೂ ಭಾಷ್ಯಕಾರರ ತೊಂದರೆ ತಪ್ಪಿದ್ದಲ್ಲವೆಂದು ಕಾಣುತ್ತದೆ!

ಪ್ರಕೃತ ಮುಖ್ಯವಾದುದು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಡೇನಿಯಲ್ ಬ್ರ್ಯಾಡ್ಲಿ ಮತ್ತು ಅವರ ಸಹೋದ್ಯೋಗಿಗಳು ೨೦೦೬ರಲ್ಲಿ ಪ್ರಕಟಿಸಿದ ಲೇಖನ. ವೈ ವರ್ಣತಂತುವಿನ ಹದಿನೇಳು ಆವೃತ್ತಿಸ್ಥಾನಗಳನ್ನು ಎಣಿಸಿ, ಐರ್ಲೆಂಡಿನ ವಾಯವ್ಯಭಾಗದಲ್ಲಿ ಐವರು ಗಂಡಸರಲ್ಲಿ ಸುಮಾರು ಒಬ್ಬನಿಗೆ ಒಂದೇ ಬಗೆಯ ಸಂಖ್ಯಾಕ್ರಮವಿರುವುದನ್ನು ಅವರು ತೋರಿಸಿದರು. ಅಷ್ಟೇ ಆಗಿದ್ದರೆ ಕೌತುಕವಿರಲಿಲ್ಲ. ‘ಒಂಬತ್ತು ಒತ್ತೆಯಾಳುಗಳ ನಿಯಲ್’ ಎಂದು ಬಿರುದಾಂಕಿತನಾದ ಅರಸನ ವಂಶವೆಂದು ಹಳೆಯ ಗ್ರಂಥಗಳು ಹೇಳುವ ‘ಈ ನೇಲ್’ ಕುಲಗಳ ಹೆಸರುಗಳನ್ನು ಹೊತ್ತವರಲ್ಲಿ ಆ ಸಂಖ್ಯಾಕ್ರಮವು ಉಳಿದವರಲ್ಲಿರುವುದಕ್ಕಿಂತ ಗಮನಾರ್ಹವಾಗಿ ಹೆಚ್ಚಾಗಿತ್ತು. ಆದ್ದರಿಂದ ಅರ್ಧಪೌರಾಣಿಕವಾದ ವಂಶಾವಳಿಗೆ ಬೀಜದ ಸಮರ್ಥನೆ ದೊರೆಯಿತೆಂದೂ, ಅಧಿಕಾರವೂ ಸಂತಾನಬಾಹುಳ್ಯವೂ ಜೊತೆಗೂಡಿ ನಡೆದುವೆಂದೂ ಅವರು ತೀರ್ಮಾನಿಸಿದರು. ಈ ಗುರುತಿಗೆ ಸಂಬಂಧಿಸಿದ ಸ್ಥಿರವಾದ ಅಕ್ಷರವ್ಯತ್ಯಾಸವನ್ನು ‘ಎಂ ೨೨೨’ ಎಂದು ಕರೆಯುವರು.

ಎರಡನೆಯ ತೀರ್ಮಾನಕ್ಕೆ ಇತಿಹಾಸದ ಆಧಾರವು ಬಲವಾಗಿಯೇ ಇದೆ. ಗೇಲಿಕ್ ಪ್ರಭುಗಳಲ್ಲಿ ಬಹುಪತ್ನೀತ್ವವೂ ಉಪಪತ್ನೀತ್ವವೂ ಕ್ರೈಸ್ತಮತವು ಬಂದ ಸಾವಿರ ವರ್ಷಗಳ ಮೇಲೆಯೂ ನಿಂತಿರಲಿಲ್ಲ. ಬ್ರೆಹನರೆಂಬ ಧರ್ಮಾಧಿಕಾರಿಗಳ ಶಾಸ್ತ್ರವು ಅಂಥ ಪುತ್ರರಿಗೂ ದಾಯಭಾಗವನ್ನು ನಿಷೇಧಿಸಿರಲಿಲ್ಲ. ತೀರ್ ಕೊನಲ್ ಸೀಮೆಯ ಪ್ರಭುವಾಗಿದ್ದು ೧೪೨೩ರಲ್ಲಿ ಗತಿಸಿದ, ‘ದ್ರಾಕ್ಷಾಮದ್ಯದ’ ಎಂಬ ವಿಶೇಷಣವುಳ್ಳ ತರ್ಲಖ್ ಓ ಡೊನೆಲ್ ಎಂಬವನಿಗೆ ಗಂಡುಮಕ್ಕಳ ಕಡೆಯಿಂದಲೇ ೫೯ ಮಂದಿ ಮೊಮ್ಮಕ್ಕಳಿದ್ದರು. ೧೩೯೫ರಲ್ಲಿ ಗತಿಸಿದ ಫರ್ಮಾನಾ ಸೀಮೆಯ ಫಿಲಿಪ್ ಮಗ್ವಾಯರನಿಗೆ ಎಂಟು ಮಂದಿ ಸ್ತ್ರೀಯರಲ್ಲಿ ಇಪ್ಪತ್ತು ಮಂದಿ ಗಂಡುಮಕ್ಕಳು. ಪ್ರಭುವಿನ ಮಕ್ಕಳಿಗೆ ಭೂಮಿಯನ್ನು ಕೊಡುವುದಕ್ಕಾಗಿ ಕೆಳಗಿನ ಒಕ್ಕಲುಗಳನ್ನು ಎಬ್ಬಿಸುತ್ತ ಹೋದದ್ದರಿಂದ, ಕೆಲವು ತಲೆಮಾರುಗಳಲ್ಲಿ ಸೀಮೆಯೆಲ್ಲ ಒಂದೇ ಕುಲದವರಿಂದ ತುಂಬುವುದು ಆಶ್ಚರ್ಯವಲ್ಲ.

ಮೊದಲನೆಯ ತೀರ್ಮಾನವಾದರೋ ಪರೀಕ್ಷಾರ್ಹವಾದುದು. ಸಂಸ್ಕೃತಪಾಠಶಾಲೆಗಳಲ್ಲಿ ಅನ್ನಂಭಟ್ಟನ ತರ್ಕಸಂಗ್ರಹದಿಂದ ಆರಂಭಿಸಿದ ನಮ್ಮಂಥವರಿಗೆ ಹೇತುವನ್ನು ಕಂಡೊಡನೆ ಅದು ಸಾಧ್ಯವಿಲ್ಲದೆಡೆಯಲ್ಲಿಯೂ ಇದೆಯೆ ಎಂದು ಹುಡುಕುವ ಚಪಲವಿದೆ. ಇಲ್ಲಿ ಪಕ್ಷವು ವಾಯವ್ಯದ ಕುಲಗಳು. ಸಾಧ್ಯವು ನಿಯಲನ ಸಂತಾನವಾಗಿರುವುದು. ಹೇತುವು ಎಂ ೨೨೨ ಎಂಬ ಗುರುತು. ಆದರೆ ಓ ರೂರ್ಕ್, ಓ ರೈಲಿ ಎಂಬ ಕುಲಗಳಲ್ಲಿಯೂ ಈ ಗುರುತು ಕಾಣುತ್ತದೆ. ಆ ಕುಲಗಳು ಹಳೆಯ ಗ್ರಂಥಗಳ ಪ್ರಕಾರವೇ ನಿಯಲನ ಸಂತಾನವಲ್ಲ. ಅವನ ಸವತಿಯಣ್ಣನಾದ ಬ್ರಿಯೋನನ ಸಂತಾನ. ಆದ್ದರಿಂದ ಹೇತುವು ಸವ್ಯಭಿಚಾರವಾಯಿತು. ಹಾಗಾದರೆ ಅವರಿಬ್ಬರ ತಂದೆಯಾದ ಯೋಖಿಯೇ ಬೀಜಪುರುಷನೆಂದು ಸಮಾಧಾನ ಹೇಳಬಹುದು. ಅದೂ ನಿಲ್ಲುವಂತಿಲ್ಲ. ಸ್ಕಾಟ್ಲೆಂಡಿನ ದಕ್ಷಿಣದ ತಗ್ಗುನಾಡಿನಲ್ಲಿಯೂ ಈ ಗುರುತುಳ್ಳವರು ಗಣನೀಯವಾಗಿದ್ದಾರೆ; ಅವರನ್ನೆಲ್ಲ ಈ ನೇಲರ ವಲಸೆಯೆಂದು ಹೇಳಲು ಆಧಾರ ಸಾಲದು. ಕಾಲವೂ ಒಪ್ಪುವುದಿಲ್ಲ. ೨೦೦೬ರ ಲೇಖನದಲ್ಲಿ ಮೂಲಪುರುಷನ ಕಾಲವನ್ನು ಈಗಿನಿಂದ ಸುಮಾರು ೧೭೦೦ ವರ್ಷಗಳ ಹಿಂದಕ್ಕೆ, ಹಿಂದುಮುಂದಾಗಿ ನೂರಾರು ವರ್ಷಗಳ ಸಂದೇಹಾವಕಾಶದೊಡನೆ, ಇಟ್ಟಿದ್ದರು. ಆ ಬಳಿಕ ಒಂದು ಕೋಟಿಗೂ ಮಿಕ್ಕಿದ ಅಕ್ಷರಗಳನ್ನು ಒಟ್ಟಿಗೆ ಓದುವ ವಿಧಾನವು ಬಂದಮೇಲೆ ಎಂ ೨೨೨ರ ಹುಟ್ಟನ್ನು ಕ್ರಿಸ್ತಶಕಾರಂಭದ ಆಸುಪಾಸಿಗೆ ಅಥವಾ ಅದಕ್ಕೂ ತುಸು ಹಿಂದಕ್ಕೆ ಒಯ್ಯುತ್ತಾರೆ. ನಿಯಲನು ಐತಿಹಾಸಿಕನೇ ಆಗಿದ್ದರೂ ಆ ಗುರುತು ಅವನಿಗಿಂತ ಶತಮಾನಗಳಷ್ಟು ಹಿರಿದು. ಅವನೂ ಆ ಗುರುತನ್ನು ಹೊತ್ತವರಲ್ಲಿ ಒಬ್ಬನಾಗಿರಬಹುದು. ಅವನಿಂದ ಅದು ಹೊರಟಿತೆಂದು ಹೇಳಲಾಗದು.

ಹೀಗೆಂದಮಾತ್ರಕ್ಕೆ ಆ ಲೇಖನವು ವ್ಯರ್ಥವಾಯಿತೆಂದು ತಿಳಿಯಬಾರದು. ವಾಯವ್ಯದ ಗ್ಯಾಲಗರ್, ಬಾಯ್ಲ್, ಡೋಹರ್ಟಿ, ಓ ಡೊನೆಲ್ ಮೊದಲಾದ ಕುಲಗಳು ಪರಸ್ಪರ ಜ್ಞಾತಿಗಳೆಂದು ಗ್ರಂಥಗಳು ಹೇಳಿದ್ದು ಬರಿಯ ಕವಿಕಲ್ಪನೆಯಲ್ಲವೆಂಬುದು, ಅಂದರೆ ಜ್ಞಾತಿತ್ವವು, ಬಹುಮಟ್ಟಿಗೆ ಸಿದ್ಧವಾಯಿತು. ಸಿದ್ಧವಾಗದೆ ಉಳಿದದ್ದು ಹೆಸರು. ವರ್ಣತಂತುವಿನಲ್ಲಿ ಅಕ್ಷರಗಳಿವೆ, ನಾಮಧೇಯಗಳಿಲ್ಲ. ‘ಇವರಿಗೆಲ್ಲ ಒಬ್ಬನೇ ಮೂಲಪುರುಷನು’ ಎಂಬುದು ಅನುಮಾನಪ್ರಮಾಣದಿಂದ ಬಂದ ಜ್ಞಾನ. ‘ಆತನು ನಿಯಲ್’ ಎಂಬುದು ಶಬ್ದಪ್ರಮಾಣದಿಂದ ಮಾತ್ರವೇ ಬರಬಹುದಾದದ್ದು. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ, ಎರಡಕ್ಕೂ ಪ್ರಯೋಗಶಾಲೆಯ ಮುದ್ರೆಯನ್ನು ಒತ್ತಿದ್ದರಿಂದ ಗೊಂದಲವಾಯಿತು. ಪತ್ರಿಕೆಗಳೂ ವ್ಯಾಪಾರಿಗಳೂ ಆ ಮುದ್ರೆಯನ್ನೇ ದೊಡ್ಡದು ಮಾಡಿ, ಗುರುತು ಕಂಡವರಿಗೆಲ್ಲ ನಿಯಲನ ಮೊಮ್ಮಕ್ಕಳೆಂಬ ಪದಕವನ್ನು ಹಂಚಿದರು.

ಹೆಸರುಗಳಿಂದಲೇ ಆಗುವ ಇನ್ನೊಂದು ಭ್ರಾಂತಿಯನ್ನು ಇಲ್ಲಿ ಸೂಚಿಸಬೇಕು. ‘ಈ ನೇಲ್’ ಎಂಬುದು ವಂಶದ ಹೆಸರು, ‘ಓ ನೀಲ್’ ಎಂಬುದು ಕುಲನಾಮ. ಎರಡೂ ನಿಯಲನೆಂಬ ಹೆಸರಿನಿಂದ ಬಂದರೂ ನಿಯಲರು ಇಬ್ಬರು. ಓ ನೀಲ್ ಎಂಬ ಕುಲನಾಮವು ಬಂದದ್ದು ೯೧೯ರಲ್ಲಿ ಡಬ್ಲಿನ್ನಿನ ಬಳಿ ವೈಕಿಂಗರೊಡನೆ ಕಾದಿ ಮಡಿದ ‘ಕರಿಮೊಣಕಾಲಿನ ನಿಯಲ್’ ಎಂಬವನಿಂದ. ‘ಓ’ ಎಂದರೆ ಮೊಮ್ಮಗ, ‘ಮಾಕ್’ ಎಂದರೆ ಮಗ. ಇಂಥ ಸ್ಥಿರವಾದ ಕುಲನಾಮಗಳು ಐರ್ಲೆಂಡಿನಲ್ಲಿ ಹತ್ತು-ಹನ್ನೊಂದನೆಯ ಶತಮಾನಗಳಲ್ಲಿಯೇ ನೆಲೆಗೊಂಡದ್ದರಿಂದ ಬೀಜಪರೀಕ್ಷೆಗೆ ಆ ದೇಶವು ಇಷ್ಟು ಅನುಕೂಲವಾಯಿತು: ಹೆಸರೂ ತಂದೆಯಿಂದ ಮಗನಿಗೆ, ವರ್ಣತಂತುವೂ ತಂದೆಯಿಂದ ಮಗನಿಗೆ. ಆದರೆ ಕೆಲ್ಲಿ, ಮರ್ಫಿ ಮುಂತಾದ ಹೆಸರುಗಳು ಒಂದಕ್ಕೊಂದು ಸಂಬಂಧವಿಲ್ಲದ ಹಲವು ಎಡೆಗಳಲ್ಲಿ ಸ್ವತಂತ್ರವಾಗಿ ಹುಟ್ಟಿದವು. ಅಂಥವುಗಳಲ್ಲಿ ನಾಮಸಾಮ್ಯದಿಂದ ವಂಶಸಾಮ್ಯವನ್ನು ಹೇಳಹೊರಟರೆ ನಗೆಗೀಡಾಗುವೆವು.

ದಕ್ಷಿಣದ ಮನ್‌ಸ್ಟರ್ ಪ್ರಾಂತದ ಉದಾಹರಣೆಯು ಇದಕ್ಕಿಂತ ಸ್ವಾರಸ್ಯವಾದುದು. ಅಲ್ಲಿ ಕ್ಯಾಶೆಲ್ ಎಂಬ ಬಂಡೆಯ ಮೇಲಿನ ರಾಜಧಾನಿಯಿಂದ ಬಹುಕಾಲ ಆಳಿದವರು ಓಗನಾಖ್ತರು. ಹತ್ತನೆಯ ಶತಮಾನದಲ್ಲಿ ಶಾನನ್ ನದಿಯ ಕಡೆಯ ಸಣ್ಣ ಕುಲವಾದ ದಾಲ್ ಗಾಶ್ ತಲೆಯೆತ್ತಿತು. ೯೬೪ರಲ್ಲಿ ಆ ಕುಲದ ಮಹೋನನು ಕ್ಯಾಶೆಲನ್ನು ಹಿಡಿದನು. ಅವನ ತಮ್ಮನೇ ಐರ್ಲೆಂಡಿನ ಸಾರ್ವಭೌಮನೆನಿಸಿ ೧೦೧೪ರ ಏಪ್ರಿಲ್ ೨೩ರಂದು ಕ್ಲಾಂಟಾರ್ಫ್ ಕಾಳಗದ ದಿನ ಹತನಾದ ಬ್ರಿಯನ್ ಬೋರು. ಓಗನಾಖ್ತರ ಮೂಲಪುರುಷನಾದ ಓಗನನಿಗೂ ತಮ್ಮ ಮೂಲಪುರುಷನಾದ ಕಾರ್ಮಾಕ್ ಕಾಶನಿಗೂ ಒಬ್ಬನೇ ತಂದೆಯೆಂದು ದಾಲ್ ಗಾಶರ ವಂಶಾವಳಿಯು ಹೇಳುವುದು. ಇದು ಅಧಿಕಾರವು ಬಂದಮೇಲೆ ಹೊಲಿದ ತೇಪೆಯೆಂದೂ, ಅವರು ನಿಜವಾಗಿ ಕಪ್ಪ ತೆರುವ ಡೇಶಿ ಎಂಬ ಕೆಳಗಿನ ಪಂಗಡದವರೆಂದೂ ಇಪ್ಪತ್ತನೆಯ ಶತಮಾನದ ಇತಿಹಾಸಕಾರರು, ಕೇವಲ ಗ್ರಂಥಗಳ ಆಂತರಿಕ ಪರೀಕ್ಷೆಯಿಂದ, ಯಾವ ಪ್ರಯೋಗಶಾಲೆಯ ನೆರವೂ ಇಲ್ಲದೆ, ನಿರ್ಧರಿಸಿದ್ದರು. ೨೦೦೮ರಲ್ಲಿ ಟ್ರಿನಿಟಿ ಕಾಲೇಜಿನವರು ಮನ್‌ಸ್ಟರಿನ ಕುಲಗಳನ್ನು ಪರೀಕ್ಷಿಸಿದಾಗ ವಾಯವ್ಯದಲ್ಲಿದ್ದಂತೆ ಎಲ್ಲರನ್ನೂ ಒಂದುಗೂಡಿಸುವ ಏಕೈಕ ಗುರುತು ಕಾಣಲಿಲ್ಲ. ೨೦೦೯ರಲ್ಲಿ ಪ್ರಕಟವಾದ ಬೇರೊಂದು ಲೇಖನವು ಓ ಬ್ರಿಯನ್, ಕೆನಡಿ, ಕೇಸಿ, ಹೋಗನ್ ಮೊದಲಾದ ದಾಲ್ ಗಾಶ್ ಕುಲಗಳಿಗೆ ವಿಶಿಷ್ಟವಾದ ಗುರುತೊಂದನ್ನು ತೋರಿಸಿತು; ‘ಎಲ್ ೨೨೬’ ಎಂಬ ಅಕ್ಷರವ್ಯತ್ಯಾಸವು ಅದಕ್ಕೆ ಹೊಂದಿಕೊಂಡಿತು. ಓಗನಾಖ್ತರ ಪೈಕಿ ಓ ಸಲಿವನ್ ಮೊದಲಾದವರಲ್ಲಿ ಹೆಚ್ಚಾಗಿ ಕಾಣುವುದು ಬೇರೆಯೇ ಒಂದು ಶಾಖೆ. ಈ ಎರಡು ಶಾಖೆಗಳೂ ಒಂದುಗೂಡುವ ಕವಲು ಕಂಚಿನ ಯುಗದ್ದು. ಕ್ರಿ. ಶ. ಮೂರನೆಯ ಶತಮಾನದಲ್ಲಿ ಇದ್ದರೆಂದು ಹೇಳುವ ಅಣ್ಣತಮ್ಮಂದಿರ ಸಂತಾನಗಳು ಹೀಗಿರಲು ಸಾಧ್ಯವಿಲ್ಲ. ಇಲ್ಲಿ ಬೀಜ ಮತ್ತು ಗ್ರಂಥವಿಮರ್ಶೆ ಎರಡೂ ಪ್ರತ್ಯೇಕವಾಗಿ ನಡೆದು ಒಂದೇ ಎಡೆಗೆ ಬಂದು ಸೇರಿದುವು. ವಿಮರ್ಶೆಯೇ ಮುಂಚೆ ಬಂದಿತೆಂಬುದನ್ನು, ಗ್ರಂಥಪಂಡಿತರ ಕಾಲ ಮುಗಿಯಿತೆನ್ನುವವರು ಗಮನಿಸಬೇಕು. ಎಲ್ ೨೨೬ ಕಂಡವರೆಲ್ಲರೂ ಬ್ರಿಯನ್ನನ ಮಕ್ಕಳೆಂಬುದು ಕೂಡ ಸಲ್ಲದು. ಆ ಗುರುತು ಅವನಿಗಿಂತ ಹಳೆಯದು. ಕೆನಡಿಗಳು ಅವನ ಅಣ್ಣನ ಕಡೆಯವರು.

ಸಮುದ್ರದಾಚೆಯ ಒಂದು ದೃಷ್ಟಾಂತವನ್ನು ಸಂಕ್ಷೇಪವಾಗಿ ಹೇಳಬಹುದು. ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳ ಪ್ರಭುಗಳಾದ ಮ್ಯಾಕ್‌ಡೊನಲ್ಡರು, ೧೧೬೪ರಲ್ಲಿ ಮಡಿದ ಸಾಮರ್‌ಲೆಡ್ ಎಂಬವನ ಮೂಲಕ, ಐರ್ಲೆಂಡಿನ ಕೊಲ್ಲ ಊಶ್ ಎಂಬ ಪುರಾತನ ರಾಜಕುಮಾರನಿಗೆ ತಮ್ಮ ವಂಶವನ್ನು ಒಯ್ದಿದ್ದರು. ಆಕ್ಸ್‌ಫರ್ಡಿನ ಬ್ರಯನ್ ಸೈಕ್ಸರು ಆ ಕುಲದ ಮುಖ್ಯಸ್ಥರ ವರ್ಣತಂತುಗಳನ್ನು ಪರೀಕ್ಷಿಸಿದಾಗ ಕಂಡದ್ದು ನಾರ್ವೇ ದೇಶದಲ್ಲಿ ಬಹುಳವಾದ ಶಾಖೆ. ಗೇಲಿಕ್ ಕುಲದ ಹೆಮ್ಮೆಯನ್ನು ಹಾಡಿದ ಕವಿಗಳು ಯಾವ ವೈಕಿಂಗರನ್ನು ಓಡಿಸಿದ ವೀರನೆಂದು ಸಾಮರ್‌ಲೆಡನನ್ನು ಕೊಂಡಾಡಿದರೋ, ಆ ವೈಕಿಂಗರ ಬೀಜವೇ ಅವನದು.

ಇದನ್ನು ಕೇಳಿ ಕವಿಗಳು ಸುಳ್ಳುಗಾರರೆಂದು ಹೇಳುವುದು ಸುಲಭ. ನಮಗೆ ಮಾತ್ರ ಹಾಗೆ ತೋರುವುದಿಲ್ಲ. ಐರಿಷ್ ಧರ್ಮಶಾಸ್ತ್ರದಲ್ಲಿ ‘ದೆರ್ವಿನೆ’ ಎಂಬ ಜ್ಞಾತಿವರ್ಗವು ಮುಖ್ಯವಾದುದು: ಒಬ್ಬನೇ ಮುತ್ತಜ್ಜನ ಪುರುಷಸಂತಾನವೆಲ್ಲವೂ ಇದರಲ್ಲಿ ಸೇರುವುದು. ಪಿಂಡಭಾಜನರಾದ ತಂದೆ, ಅಜ್ಜ, ಮುತ್ತಜ್ಜ ಎಂಬ ಮೂವರನ್ನು ಎಣಿಸುವ ನಮ್ಮವರಿಗೆ ಇದರ ಅಳತೆಯು ಚಿರಪರಿಚಿತ. ಹೀಗೆ ಹಕ್ಕು ಪುರುಷಸಂತಾನವನ್ನೇ ಅವಲಂಬಿಸಿದ್ದರೂ, ‘ಸಂತಾನ’ವೆಂದು ಯಾರನ್ನು ಕರೆಯಬೇಕೆಂಬುದನ್ನು ಬೀಜವೊಂದೇ ನಿರ್ಣಯಿಸುತ್ತಿರಲಿಲ್ಲ. ಸ್ತ್ರೀಯು ತನ್ನ ಮಗನನ್ನು ಇಂಥ ಪ್ರಭುವಿನವನೆಂದು ‘ಹೆಸರಿಸಿ’, ಪ್ರಭುವು ಅದನ್ನು ಅಂಗೀಕರಿಸಿದರೆ ಅವನು ಆ ಕುಲದವನಾಗುತ್ತಿದ್ದನು. ನಮ್ಮ ಧರ್ಮಶಾಸ್ತ್ರಕಾರರು ಔರಸ, ಕ್ಷೇತ್ರಜ, ದತ್ತ, ಕಾನೀನ, ಗೂಢೋತ್ಪನ್ನ ಮುಂತಾಗಿ ಪುತ್ರರನ್ನು ಹನ್ನೆರಡು ಬಗೆಯಾಗಿ ವಿಂಗಡಿಸಿ, ಬೀಜವು ಪ್ರಧಾನವೋ ಕ್ಷೇತ್ರವು ಪ್ರಧಾನವೋ ಎಂದು ದೀರ್ಘವಾಗಿ ವಾದಿಸಿದ್ದು ನಿಷ್ಪ್ರಯೋಜಕವಲ್ಲ. ವಂಶಾವಳಿಯಲ್ಲಿ ಬರೆಯುವುದು ಪುತ್ರತ್ವವನ್ನು. ವರ್ಣತಂತುವು ತಿಳಿಸುವುದು ಜನಕತ್ವವನ್ನು.

ಈ ಭೇದದ ಮೇಲೆ ಒಂದು ರಾಜ್ಯದ ಭವಿಷ್ಯವೇ ನಿಂತಿದ್ದ ಪ್ರಸಂಗವೊಂದುಂಟು. ಅಲ್‌ಸ್ಟರ್ ಪ್ರಾಂತದ ಓ ನೀಲರ ಪ್ರಭುವಾದ ಕಾನ್ ಬಾಕಾಖನಿಗೆ—ಕುಂಟ ಕಾನ್ ಎಂದರ್ಥ—ಇಂಗ್ಲೆಂಡಿನ ಎಂಟನೆಯ ಹೆನ್ರಿಯು ೧೫೪೨ರಲ್ಲಿ ಟಿರೋನಿನ ಅರ್ಲ್ ಎಂಬ ಪದವಿಯನ್ನು ಕೊಟ್ಟು, ಅವನ ಇಚ್ಛೆಯಂತೆ ಮ್ಯಾಥ್ಯೂ ಎಂಬವನನ್ನು ಉತ್ತರಾಧಿಕಾರಿಯೆಂದು ಒಪ್ಪಿಕೊಂಡನು. ಈ ಮ್ಯಾಥ್ಯೂ ಸುಮಾರು ಹದಿನಾರು ವರ್ಷಗಳವರೆಗೆ ಡಂಡಾಕ್ ಪಟ್ಟಣದ ಕಮ್ಮಾರನೊಬ್ಬನ ಮಗನೆಂದೇ ಬೆಳೆದವನು. ಆ ಮೇಲೆ ಅವನ ತಾಯಿ ಇವನು ಕಾನನ ಮಗನೆಂದು ಹೇಳಿದಳು, ಕಾನನು ಒಪ್ಪಿಕೊಂಡನು. ಕಾನನ ಔರಸಪುತ್ರನಾದ ಶೇನನು ಇದನ್ನು ಸಹಿಸಲಿಲ್ಲ. ತನ್ನ ತಂದೆಯು ದೊಡ್ಡಮನುಷ್ಯನಾದ್ದರಿಂದ ಯಾವ ಹೆಂಗಸು ಯಾವ ಮಗುವನ್ನು ತಂದು ಹೆಸರಿಸಿದರೂ ಇಲ್ಲವೆನ್ನುತ್ತಿರಲಿಲ್ಲವೆಂದು ಅವನು ಕುಹಕವಾಗಿ ವಾದಿಸಿದನು. ೧೫೫೮ರಲ್ಲಿ ಶೇನನ ಕಡೆಯವರು ಮ್ಯಾಥ್ಯೂವನ್ನು ಕೊಂದರು. ಆದರೂ ಮ್ಯಾಥ್ಯೂವಿನ ಮಗನಾದ ಹ್ಯೂ ಎಂಬವನೇ ೧೫೯೫ರಲ್ಲಿ ಹಿರಿಯರ ಪದ್ಧತಿಯಂತೆ ‘ಓ ನೀಲ್’ ಎಂಬ ಕುಲಪತಿಪಟ್ಟವನ್ನು ಹೊಂದಿ, ಒಂಬತ್ತು ವರ್ಷಗಳ ಯುದ್ಧದಲ್ಲಿ ಎಲಿಜಬೆತ್ ರಾಣಿಯ ಸೈನ್ಯಗಳನ್ನು ಇದಿರಿಸಿದನು. ೧೬೦೭ರಲ್ಲಿ ದೇಶವನ್ನು ಬಿಟ್ಟು, ೧೬೧೬ರಲ್ಲಿ ರೋಮಿನಲ್ಲಿ ಗತಿಸಿದನು. ಗೇಲಿಕ್ ಐರ್ಲೆಂಡಿನ ಕೊನೆಯ ಮಹಾನಾಯಕನ ಬೀಜವು ಅರಸನದೋ ಕಮ್ಮಾರನದೋ ಎಂಬುದು ಅವನ ಹಿಂದೆ ನಡೆದ ಸಾವಿರಾರು ಜನರಿಗೆ ಪ್ರಶ್ನೆಯೇ ಆಗಿರಲಿಲ್ಲ. ಅವನ ವಂಶಜರಲ್ಲಿ ಯಾವ ಗುರುತು ದೊರೆತರೂ, ದೊರೆಯದಿದ್ದರೂ, ಅವನು ಓ ನೀಲನೆಂಬುದಕ್ಕೆ ಹಾನಿಯಿಲ್ಲ.

ಇಂಥ ವಿಚ್ಛೇದಗಳು ರಾಜಗೃಹಗಳಲ್ಲಿ ಮಾತ್ರ ಆಗುವುವಲ್ಲ. ತಲೆಮಾರಿಗೆ ನೂರರಲ್ಲಿ ಒಬ್ಬನ ಹೆಸರೂ ಬೀಜವೂ ಬೇರೆಯಾಗುವುವೆಂದು ಇಟ್ಟುಕೊಂಡರೂ, ಮೂವತ್ತು ತಲೆಮಾರು ಕಳೆಯುವಷ್ಟರಲ್ಲಿ ನೂರಕ್ಕೆ ೭೪ ಮಂದಿಯಲ್ಲಿ ಮಾತ್ರ ಎರಡೂ ಒಂದಾಗಿ ಉಳಿದಿರುವುವು. ನೂರರಲ್ಲಿ ಇಬ್ಬರೆಂದು ಇಟ್ಟುಕೊಂಡರೆ ೫೫ ಮಂದಿಯಲ್ಲಿ. ಇದು ಸುಮ್ಮನೆ ಗುಣಾಕಾರ. ಮತ್ತೊಂದು ಗುಣಾಕಾರವೂ ಇದೆ. ಮೂವತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬನ ಪೂರ್ವಜರ ಸ್ಥಾನಗಳು ನೂರೇಳು ಕೋಟಿಗೆ ಮಿಗಿಲಾಗುವುವು. ಅಷ್ಟು ಜನ ಆ ಕಾಲದಲ್ಲಿ ಭೂಮಿಯ ಮೇಲೆಯೇ ಇರಲಿಲ್ಲವಾದ್ದರಿಂದ ಒಬ್ಬೊಬ್ಬನೂ ಹಲವು ದಾರಿಗಳಿಂದ ಪೂರ್ವಜನಾಗಿರಬೇಕಾಗುವುದು. ಅಷ್ಟು ಸ್ಥಾನಗಳಲ್ಲಿ ವೈ ವರ್ಣತಂತುವು ಹೇಳುವುದು ಒಂದೇ ಒಂದರ ವಿಷಯವನ್ನು. ಬ್ರಿಯನ್ ಬೋರುವಿನ ರಕ್ತವು ಹೆಣ್ಣುಮಕ್ಕಳ ಮೂಲಕ ಇಳಿದಿರುವವರಿಗೆ ಈ ಪರೀಕ್ಷೆಯು ಏನನ್ನೂ ಹೇಳುವುದಿಲ್ಲ.

ಇಷ್ಟಾದರೂ ಜನರು ಈ ಪರೀಕ್ಷೆಗೆ ಮುಗಿಬೀಳುವುದಕ್ಕೆ ದುಃಖಕರವಾದ ಕಾರಣವಿದೆ. ೧೮೪೫ರಿಂದ ೧೮೫೨ರ ವರೆಗಿನ ಮಹಾಕ್ಷಾಮದಲ್ಲಿಯೂ ಅದರ ತರುವಾಯವೂ ಹತ್ತಾರು ಲಕ್ಷ ಐರಿಷರು ಅಮೆರಿಕ ಮೊದಲಾದ ದೇಶಗಳಿಗೆ ಚದರಿದರು. ಅವರ ಮೊಮ್ಮಕ್ಕಳು ಊರನ್ನು ಹುಡುಕಿಕೊಂಡು ಬಂದಾಗ ದಾಖಲೆಗಳಿರಲಿಲ್ಲ. ೧೯೨೨ರ ಜೂನ್ ೩೦ರಂದು ಅಂತರ್ಯುದ್ಧದ ಆರಂಭದಲ್ಲಿ ಡಬ್ಲಿನ್ನಿನ ‘ಫೋರ್ ಕೋರ್ಟ್ಸ್’ ಭವನದ ದಾಖಲೆಗಳ ಭಂಡಾರವು ಸಿಡಿದು ಉರಿದುಹೋಯಿತು. ೧೮೨೧ರಿಂದ ೧೮೫೧ರ ವರೆಗಿನ ಜನಗಣತಿಯ ಪತ್ರಗಳ ಬಹುಭಾಗವೂ ಶತಮಾನಗಳ ಮರಣಶಾಸನಪತ್ರಗಳೂ ಬೂದಿಯಾದುವು. ಕಾಗದವು ಸುಟ್ಟುಹೋದಾಗ ಮೈಯಲ್ಲಿ ಏನಾದರೂ ಬರೆದಿದೆಯೇ ಎಂದು ನೋಡುವುದು ಮನುಷ್ಯಸ್ವಭಾವ. ಆ ಹಂಬಲವನ್ನು ನಾವು ಪರಿಹಾಸ ಮಾಡಲಾರೆವು. ಹಂಬಲವಿರುವೆಡೆಯಲ್ಲಿ ವಂಚನೆಗೂ ಎಡೆಯುಂಟು. ಓಗನಾಖ್ತರ ಅಗ್ರಪೀಠವಾದ ಮಕಾರ್ತಿ ಕುಲಪತಿತ್ವವು ತನ್ನದೆಂದು ಕೃತಕವಾದ ವಂಶಾವಳಿಯನ್ನು ತೋರಿಸಿ ೧೯೯೨ರಲ್ಲಿ ಸರ್ಕಾರದ ಮನ್ನಣೆಯನ್ನು ಪಡೆದಿದ್ದವನೊಬ್ಬನ ಗುಟ್ಟು ೧೯೯೯ರಲ್ಲಿ ಬಯಲಾಯಿತು. ೨೦೦೩ರಲ್ಲಿ ಐರಿಷ್ ಸರ್ಕಾರವು ಕುಲಪತಿಗಳನ್ನು ಮನ್ನಿಸುವ ಪದ್ಧತಿಯನ್ನೇ ನಿಲ್ಲಿಸಿಬಿಟ್ಟಿತು. ಆ ಗುಟ್ಟು ಬಯಲಾದದ್ದು ಬೀಜಪರೀಕ್ಷೆಯಿಂದಲ್ಲ, ಕಡತಗಳ ಪರಿಶೀಲನೆಯಿಂದ.

ಮುಂದಿನ ಕೆಲಸವು ಎರಡು ಕಡೆಯಿಂದ ನಡೆಯಬೇಕಾಗಿದೆ. ಎಂ ೨೨೨ರ ಕೆಳಗಿನ ಉಪಶಾಖೆಗಳನ್ನು ಈಗ ಬಿಡಿಸಿ ಓದುತ್ತಿದ್ದಾರೆ. ಅವುಗಳಲ್ಲಿ ಐದಾರನೆಯ ಶತಮಾನದಲ್ಲಿ ಕವಲೊಡೆದವು ಯಾವುವು, ಅವು ಗ್ರಂಥಗಳ ಕೆನೆಲ್ ಕೊನಲ್, ಕೆನೆಲ್ ಓಗನ್ ಎಂಬ ವಿಭಾಗಗಳಿಗೆ ಹೊಂದುವುವೋ ಇಲ್ಲವೋ ನೋಡಬೇಕು. ಬದುಕಿರುವವರ ಪರೀಕ್ಷೆ ಸಾಲದು. ಕಾಲವು ಖಚಿತವಾಗಿರುವ ಸಮಾಧಿಗಳ ಅಸ್ಥಿಗಳೂ ಬೇಕು. ಇತ್ತ ಗ್ರಂಥಗಳ ಕಡೆಯಿಂದ, ದುವಾಲ್ತಾಖನ ಮಹಾಗ್ರಂಥವು ನೊಲಿಗ್ ಓ ಮುರೈಲೆ ಅವರ ಸಂಪಾದಕತ್ವದಲ್ಲಿ ಅನುವಾದಸಹಿತವಾಗಿ ಐದು ಸಂಪುಟಗಳಲ್ಲಿ ೨೦೦೩ರಲ್ಲಿ ಹೊರಬಂದು ಎಲ್ಲರ ಕೈಗೂ ಸಿಕ್ಕುವಂತಾಗಿದೆ. ೨೦೦೬ರ ಲೇಖನದ ಕರ್ತೃಗಳ ಪೈಕಿ ಕ್ಯಾಥರಿನ್ ಸಿಮ್ಸ್ ಅವರು ಮಧ್ಯಯುಗದ ಗೇಲಿಕ್ ಸಮಾಜದ ಇತಿಹಾಸಜ್ಞೆಯಾಗಿದ್ದುದರಿಂದಲೇ ಯಾವ ಕುಲನಾಮವು ಯಾವ ವಂಶಕ್ಕೆ ಸೇರಿದುದೆಂಬ ಪಟ್ಟಿಯು ಅದರಲ್ಲಿ ಕ್ರಮವಾಗಿ ಸಿದ್ಧವಾಗಿತ್ತು. ಆ ಪಟ್ಟಿಯಿಲ್ಲದಿದ್ದರೆ ಹದಿನೇಳು ಸಂಖ್ಯೆಗಳು ಹದಿನೇಳು ಸಂಖ್ಯೆಗಳಾಗಿಯೇ ಉಳಿಯುತ್ತಿದ್ದುವು.